ಠೇವಣಿ ತಾತನ ಹತ್ತನೇ ಚುನಾವಣೆ

ನಾಳೆ ನಾಡಿದ್ದರಲ್ಲಿ ಮದುವೆಯಾಗಬೇಕಾದ ಹೆಂಗಸು ಎಂಬತ್ತಾರರ ಮುದುಕನ ನಾಡಿ ಹಿಡಿದು ಕೂರುವುದು ಎಲ್ಲಾದರೂ ಉಂಟೇ? ಉಂಟು ಸ್ವಾಮಿ. ಪಟ್ಟಣ ಕಚೇರಿಯ ಟಪಾಲು ಗುಮಾಸ್ತೆ ಆ ವಾರವಿಡೀ ಮಾಡಿದ್ದು ಅದನ್ನೇ. ಕಚೇರಿಗೆ ಬರುವ ಪ್ರತಿ ಕಾಗದವನ್ನು ಕಿಟಕಿಯಲ್ಲಿ ಇಸಿದುಕೊಂಡು ಅದರ ಮೇಲೆ ತಾರೀಖು, ಗಂಟೆ, ನಿಮಿಷದ ಸೀಲು ಒತ್ತುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಕಾಯಮ್ಮಾಗಿ ನೀಲಿಯಾಗಿತ್ತು, ಹೆಸರು ಸೀಲಮ್ಮ ಎಂದಾಗಿತ್ತು. ಐದೇ ನಿಮಿಷ ಹಿಂದಕ್ಕೆ ಒತ್ತಿಕೊಡಮ್ಮ ಎಂದು ಎಂತೆಂಥವರೋ ಬಂದು ಹಲ್ಲು ಗಿಂಜಿದ್ದುಂಟು. ಅವಳು ಜಪ್ಪಯ್ಯ ಅಂದರೂ ಜಗ್ಗಿದವಳಲ್ಲ.

ಅವಳಿಗೆ ನಲವತ್ಮೂರು. ವರ ಹಡಗಿನ ಅಡುಗೆಯವನು. ಅವನು ಸಮುದ್ರದ ಮೇಲಿಂದ ಕಳಿಸುತ್ತಿದ್ದ ಅಂಚೆ ಮತಪತ್ರವನ್ನು ಸೀಲಮ್ಮ ಮೂರು ಚುನಾವಣೆಗಳಲ್ಲಿ ಮೂರು ಸಲ ತಿರಸ್ಕರಿಸಿದ್ದಳು. ಒಮ್ಮೆ ಸಹಿ ಇರಲಿಲ್ಲ, ಒಮ್ಮೆ ಸಾಕ್ಷಿ ಇರಲಿಲ್ಲ, ಮೂರನೇ ಸಲ ಎಲ್ಲವೂ ಇತ್ತು, ಆದರೆ ಲಕೋಟೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಜಗಳ ಕಾಯಲೆಂದೇ ರಜೆ ಹಾಕಿ ಕಿಟಕಿಗೆ ಬಂದ ಆಸಾಮಿ, ಜಗಳ ಪೂರ್ತಿ ಆಗಲಿಲ್ಲವೆಂದು ಮರುದಿನವೂ ಬಂದ. ಅದರ ಮರುದಿನ ಬಂದಾಗ ಜಗಳದ ವಿಷಯ ಏನೆಂದು ಇಬ್ಬರಿಗೂ ಮರೆತುಹೋಗಿತ್ತು.

ಲೆಕ್ಕಾಚಾರ ಹೀಗಿತ್ತು. ಭಾನುವಾರ ವಾರ್ಡಿನ ಚುನಾವಣೆ, ಸಂಜೆಯೇ ಎಣಿಕೆ. ಸೋಮವಾರ ಮದುವೆ. ಮಂಗಳವಾರ ಬೆಳಿಗ್ಗೆ ಅವನ ಹಡಗು ಹೊರಡುತ್ತದೆ, ಮತ್ತೆ ಬರುವುದು ಹನ್ನೊಂದು ತಿಂಗಳಿಗೆ. ಮದುವೆ ನೋಂದಾಯಿಸುವ ಅಧಿಕಾರವಿರುವುದು ಇಡೀ ಪಟ್ಟಣದಲ್ಲಿ ಒಬ್ಬರೇ ಸಾಹೇಬರಿಗೆ. ಅವರೇ ಚುನಾವಣಾಧಿಕಾರಿ. ಚುನಾವಣೆ ನಡೆಯುತ್ತಿರುವಷ್ಟು ದಿನ ಅವರು ಬೇರೆ ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ, ಹಾಕುವವರೂ ಅಲ್ಲ. ಈ ಮದುವೆ ಆಗಲೇ ಎರಡು ಸಲ ತಪ್ಪಿತ್ತು. ಒಮ್ಮೆ ಹಡಗು ಹೇಳಿದ್ದಕ್ಕಿಂತ ಮೊದಲೇ ಹೊರಟಿತು, ಇನ್ನೊಮ್ಮೆ ಸಾಹೇಬರು ಕಾಲು ಮುರಿದುಕೊಂಡರು. ಮೂರನೇ ಸಲವೂ ತಪ್ಪಿದರೆ ಇದು ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಸೀಲಮ್ಮ ತೀರ್ಮಾನಿಸಿಬಿಟ್ಟಿದ್ದಳು. ಹೆದರಿಕೆ ಅಂದರೆ ಅಷ್ಟಿಷ್ಟಲ್ಲ, ಅನ್ನ ಸೇರುತ್ತಿರಲಿಲ್ಲ.

ಇದಕ್ಕೆಲ್ಲ ಅಡ್ಡಲಾಗಿ ಮಲಗಿದ್ದವನು ಠೇವಣಿ ತಾತ.

ತಾತ ಈ ವಾರ್ಡಿನಲ್ಲಿ ಒಂಬತ್ತು ಸಲ ಚುನಾವಣೆಗೆ ನಿಂತು ಒಂಬತ್ತು ಸಲವೂ ಠೇವಣಿ ಕಳೆದುಕೊಂಡಿದ್ದ. ಅದಕ್ಕೇ ಆ ಹೆಸರು. ಅದರ ಬಗ್ಗೆ ಅವನಿಗೆ ನಾಚಿಕೆಯೂ ಇರಲಿಲ್ಲ. ಒಂಬತ್ತು ಠೇವಣಿ ರಸೀದಿಗಳಿಗೂ ಕಟ್ಟು ಹಾಕಿಸಿ ಮಂಚದ ಎದುರಿನ ಗೋಡೆಗೆ ಸಾಲಾಗಿ ತೂಗುಹಾಕಿದ್ದ. ಹತ್ತನೇ ನಾಮಪತ್ರ ಕೊಟ್ಟ ದಿನವೇ ಹತ್ತನೇ ಮೊಳೆಯನ್ನೂ ಹೊಡೆದು ಇಟ್ಟಿದ್ದ. ಮೊಳೆ ಹೊಡೆದು ಸ್ಟೂಲಿನಿಂದ ಇಳಿದವನು ಎದೆ ಹಿಡಿದುಕೊಂಡು ಮಂಚಕ್ಕೆ ಬಿದ್ದ. ಡಾಕ್ಟರು ಬಂದು, ಹೃದಯ ದಣಿದಿದೆ, ಇವತ್ತೋ ನಾಳೆಯೋ ಅಂದರು. ಆ ಇವತ್ತು ನಾಳೆ ಮೂರು ವಾರ ಎಳೆದಿತ್ತು.

ಸೀಲಮ್ಮನಿಗೆ ಮೂವತ್ತೊಂದನೇ ನಿಯಮದ ಮೊದಲ ಪುಟ ಬಾಯಿಪಾಠ. ಮತದಾನ ಶುರುವಾಗುವ ಮುಂಚೆ ಅಭ್ಯರ್ಥಿ ಸತ್ತ ವರದಿ ಕಚೇರಿಗೆ ಮುಟ್ಟಿದರೆ ಮತದಾನ ರದ್ದು, ಹೊಸದಾಗಿ ನಾಮಪತ್ರ, ಹೊಸದಾಗಿ ಚುನಾವಣೆ, ನಲವತ್ತು ದಿನದ ಕೆಲಸ. ಶುರುವಾದ ಮೇಲೆ ಮುಟ್ಟಿದರೆ ಮತದಾನ ನಡೆಯತಕ್ಕದ್ದು. ಸತ್ತವನೇ ಗೆದ್ದರೆ ಅದು ಆಮೇಲಿನ ಮಾತು. ಅಂದರೆ ತಾತ ಭಾನುವಾರ ಬೆಳಿಗ್ಗೆ ಏಳು ಗಂಟೆ ದಾಟಿಸಿದರೆ ಸೋಮವಾರ ಮದುವೆ. ದಾಟಿಸದಿದ್ದರೆ ಇಲ್ಲ.

ಹಾಗಾಗಿ ಅವಳು ದಿನಕ್ಕೆರಡು ಸಲ ಕಚೇರಿಯ ಹಿಂದಿನ ಓಣಿ ದಾಟಿ ತಾತನ ಮನೆಗೆ ಹೋಗುತ್ತಿದ್ದಳು. ಹಾಲು ಬಿಸಿ ಮಾಡಿ ಕುಡಿಸುವುದು, ಮಾತ್ರೆ ಕೊಡುವುದು, ದಿಂಬು ಸರಿ ಮಾಡುವುದು. ತಾತನ ತಂಗಿ, ಎಂಬತ್ತು ದಾಟಿದ ಅಜ್ಜಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನನ್ನಣ್ಣನಿಗೆ ನಾನೇ ಇಷ್ಟು ಮಾಡಿಲ್ಲ ಕಣೇ," ಅಂದಳು ಒಂದು ದಿನ.

"ಅವಳಿಗೇನು ನನ್ನ ಮೇಲೆ ಪ್ರೀತಿ ಅಂದ್ಕೊಂಡ್ಯಾ? ಭಾನುವಾರದ ಮೇಲೆ ಪ್ರೀತಿ," ಅಂದ ತಾತ. "ಏನಮ್ಮಾ ಸೀಲಮ್ಮ, ಶನಿವಾರ ಹೋದ್ರೆ ಬೈತೀಯಾ?"

"ಬೈತೀನಿ ತಾತ. ಚೆನ್ನಾಗಿ ಬೈತೀನಿ."

"ಸರಿ ಹಾಗಾದ್ರೆ. ಆ ನಿಯಮ ಇನ್ನೊಂದ್ಸಲ ಓದು."

ಅವಳು ನಿಯಮದ ಪುಸ್ತಕ ತೆರೆದು ಓದುತ್ತಿದ್ದಳು. ಆ ನಿಯಮದ ಒಂದು ಸಾಲಿನಲ್ಲಿ ತಾತನ ಪ್ರಾಣವಿತ್ತು: ಮತದಾನಕ್ಕೆ ಮೊದಲೇ ಸಾವಿನ ವರದಿ ಮುಟ್ಟಿದಲ್ಲಿ ಮೃತ ಅಭ್ಯರ್ಥಿಯ ಠೇವಣಿಯನ್ನು ವಾರಸುದಾರರಿಗೆ ಹಿಂದಿರುಗಿಸತಕ್ಕದ್ದು. ಅಲ್ಲಿಗೆ ಬಂದರೆ ಸಾಕು, ಮುದುಕ ನಗಲು ಶುರು ಮಾಡುತ್ತಿದ್ದ.

"ನೋಡ್ದ್ಯಾ, ಠೇವಣಿ ವಾಪಸ್ ತಗೊಳ್ಳೋಕೆ ಎರಡೇ ದಾರಿ. ಒಂದು ಓಟು ತಗೋಬೇಕು, ಇಲ್ಲಾಂದ್ರೆ ಸಾಯ್ಬೇಕು. ಐವತ್ತು ವರ್ಷ ಕಷ್ಟದ ದಾರೀಲೇ ಹೋದೆನಲ್ಲೇ."

ನಗು ಕೆಮ್ಮಾಗುತ್ತಿತ್ತು, ಕೆಮ್ಮು ಏದುಸಿರಾಗುತ್ತಿತ್ತು, ಸೀಲಮ್ಮ ಪುಸ್ತಕ ಮುಚ್ಚಿ ಬೆನ್ನು ಸವರುತ್ತಿದ್ದಳು. ಪ್ರತಿ ಸಲವೂ ಹೀಗೇ. ಆ ಸಾಲು ಪುಟದ ಕೊನೆಯ ಸಾಲು, ಮುಂದಿನ ಪುಟ ತಿರುಗಿಸಿದ್ದೇ ಇಲ್ಲ.

ಶನಿವಾರ ಸಂಜೆ ಅವಳು ಹೊರಡುವಾಗ ತಾತ ಅವಳ ನೀಲಿ ಹೆಬ್ಬೆರಳು ಹಿಡಿದುಕೊಂಡ. "ಠೇವಣಿ ಆಸೆ ನಿಜ ಕಣಮ್ಮ, ಸುಳ್ಳು ಹೇಳಲ್ಲ. ಒಂದೇ ಒಂದು ಸಲ ಆ ಕಚೇರಿ ನನ್ನ ದುಡ್ಡು ನನಗೆ ವಾಪಸ್ ಕೊಡ್ಲಿ ಅಂತಿತ್ತು. ಹೋಗ್ಲಿ ಬಿಡು. ಏಳು ಗಂಟೆ ಒಂದು ನಿಮಿಷದವರೆಗೆ ಹಲ್ಲು ಕಚ್ಕೊಂಡು ಇರ್ತೀನಿ. ನಿನ್ನ ಮದುವೆ ತಪ್ಪಿಸಿ ನಾನೆಲ್ಲಿಗೆ ಹೋಗ್ಲಿ."

"ಹಲ್ಲೆಲ್ಲಿದೆ ತಾತ ನಿಮಗೆ," ಅಂದಳು ಸೀಲಮ್ಮ. ಅಂದವಳೇ ಓಣಿಗೆ ಬಂದು ಅತ್ತಳು.

ಭಾನುವಾರ ಆರೂವರೆಗೇ ಕಚೇರಿಯ ಮುಂದೆ ಸಾಲು. ಕೆಳಗಿನ ಹಜಾರವೇ ಮತಗಟ್ಟೆ, ಅದರ ಪಕ್ಕದಲ್ಲೇ ಟಪಾಲು ಕಿಟಕಿ. ಸಾಲಿನ ಮೊದಲಿಗೆ ಹಡಗಿನವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಜೀವಮಾನದಲ್ಲಿ ಮೊದಲ ಸಲ ಎಣ್ಣೆ ಕಲೆಯಿಲ್ಲದ ಮತ ಹಾಕುವ ಉಮೇದು ಅವನಿಗೆ. ಒಳಗೆ ಸಾಹೇಬರು ಎದೆಗೆ ಚುನಾವಣಾಧಿಕಾರಿ ಎಂಬ ಬಿಲ್ಲೆ ಚುಚ್ಚಿಕೊಂಡು, ಏಳಾದ ತಕ್ಷಣ ಬಾರಿಸಲು ಗಂಟೆಯ ಪಕ್ಕದಲ್ಲೇ ನಿಂತಿದ್ದರು. ಸೀಲಮ್ಮನ ಕಣ್ಣು ಗೋಡೆ ಗಡಿಯಾರದ ಮೇಲೆ. ಆರು ನಲವತ್ತೈದು. ಆರು ಐವತ್ತು. ಇನ್ನೇನು ಬಂತು, ಇನ್ನೇನು ಬಂತು ಎಂದು ಒಳಗೊಳಗೇ ಕುಣಿಯುತ್ತಿದ್ದಳು.

ಆರು ಐವತ್ತೆರಡಕ್ಕೆ ಅಜ್ಜಿ ಬಂದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಣ್ಣನದು. ಕೈಯಲ್ಲಿ ಡಾಕ್ಟರ ಚೀಟಿ.

ಅಜ್ಜಿ ಕಿಟಕಿಗೆ ಬರಲಿಲ್ಲ; ಎದುರಿನ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಚೀಟಿಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಕೈಯಿಟ್ಟಳು.

"ಆರೂವರೆಗೆ ಹೋದ," ಅಂದಳು. "'ನಾನು ಏಳಕ್ಕಿಂತ ಮುಂಚೆ ಹೋದ್ರೆ ನೀನು ನಿಧಾನಕ್ಕೆ ನಡಕೊಂಡು ಹೋಗು, ಆ ಹುಡುಗಿ ಮದುವೆ ಇದೆ' ಅಂತ ನಾಲ್ಕು ಸಲ ಹೇಳಿದ್ದ. ನನಗೆ ನಿಧಾನ ಗೊತ್ತಾಗ್ಲಿಲ್ಲ ಕಣೇ, ಓಡಿಬಿಟ್ಟೆ. ಈಗ ಇಲ್ಲೇ ಕೂತಿರ್ತೀನಿ. ಚಪ್ಪಲಿ ಸರಿ ಮಾಡ್ಕೋತೀನಿ. ಗಂಟೆ ಹೊಡೆದ ಮೇಲೆ ಕೊಡ್ತೀನಿ."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಬ್ಬ ಮುದುಕಿ ಬೆಂಚಿನ ಮೇಲೆ ಎಂಟು ನಿಮಿಷ ಸುಧಾರಿಸಿಕೊಂಡರೆ ಯಾವ ಕಾನೂನು ಕೇಳುತ್ತದೆ? ಸೀಲು ಕೂಡ ಸುಳ್ಳು ಹೇಳಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸೀಲಮ್ಮ ಸಾಲಿನ ಮೊದಲಿಗಿದ್ದವನನ್ನು ನೋಡಿದಳು. ಅವನು ಚೀಟಿಯನ್ನು ನೋಡಿ ಎಲ್ಲ ಅರ್ಥ ಮಾಡಿಕೊಂಡಿದ್ದ. ಅಂಗಿಯ ಗುಂಡಿ ತಿರುಗಿಸುತ್ತ ನಿಂತಿದ್ದ. ಅವಳು ಅಜ್ಜಿಯ ಕಾಲಿನಲ್ಲಿದ್ದ ತಾತನ ಚಪ್ಪಲಿ ನೋಡಿದಳು. ಒಂದೇ ಒಂದು ಸಲ ವಾಪಸ್ ಕೊಡ್ಲಿ ಅಂತಿತ್ತು. ಅವಳಿಗೆ ಕೆಂಡದಂಥ ಸಿಟ್ಟು ಬಂತು, ಯಾರ ಮೇಲೆಂದು ಅವಳಿಗೇ ಗೊತ್ತಿಲ್ಲ.

"ಅಜ್ಜಿ, ಆ ಚೀಟಿ ಕೊಡಿ ಇಲ್ಲಿ."

"ಇನ್ನೂ ಏಳಾಗಿಲ್ಲವಲ್ಲೇ."

"ಅದಕ್ಕೇ ಕೊಡಿ ಅಂದೆ. ಅಷ್ಟು ಆಸೆಪಟ್ಟ ದುಡ್ಡು ತಾತಂದು. ನಾನು ಮುಳುಗಿಸಲ್ಲ."

ಸೀಲು ಬಿತ್ತು. ಆರು ಐವತ್ಮೂರು.

ಸಾಹೇಬರು ಚೀಟಿ ಓದಿ ಗಂಟೆಯಿಂದ ಕೈ ತೆಗೆದರು. ಅವರಿಗೆ ಸೇವೆಯಲ್ಲೇ ಇದು ಮೊದಲು. "ರದ್ದು ಮಾಡ್ಬೇಕು ಅನ್ನೋದು ಗೊತ್ತು. ಹೇಗೆ ಮಾಡ್ಬೇಕಮ್ಮಾ? ನಿಯಮ ಓದಿ."

ಸೀಲಮ್ಮ ಅಳು ನುಂಗಿಕೊಂಡು ಓದಿದಳು. ಅವರು ಹೇಳಿದಂತೆ ಆದೇಶ ಬರೆದಳು, ಅವರು ಸಹಿ ಹಾಕಿದರು, ಬಾಗಿಲಿಗೆ ಅಂಟಿಸಿಯೂ ಆಯಿತು. ಸಾಲಿನಲ್ಲಿದ್ದವರು ಗೊಣಗಿದರು, ಆದರೆ ಯಾರೂ ಮನೆಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅಷ್ಟು ಬೇಗ ಎದ್ದು ಸ್ನಾನ ಮಾಡಿ ಬಂದವರು ಏನೂ ನೋಡದೆ ಹೇಗೆ ಹೋಗುತ್ತಾರೆ?

"ಮುಂದೆ?" ಅಂದರು ಸಾಹೇಬರು.

"ಠೇವಣಿ ವಾಪಸ್ ಕೊಡಬೇಕು ಸರ್."

"ಅದಾದ ಮೇಲೆ?"

ಅದಾದ ಮೇಲೆ ತಾತ ನಗಬೇಕಿತ್ತು. ನಗಲು ಯಾರೂ ಇರಲಿಲ್ಲ. ಸೀಲಮ್ಮ ಮೊದಲ ಸಲ ಪುಟ ತಿರುಗಿಸಿದಳು.

"ಹೊಸ ಅಧಿಸೂಚನೆ ಹೊರಡುವವರೆಗೆ," ಎಂದು ಓದಿದಳು, "ಚುನಾವಣಾ ಕೆಲಸಕ್ಕೆ ನೇಮಕವಾದ ಎಲ್ಲ ಅಧಿಕಾರಿಗಳೂ ತಂತಮ್ಮ ಮಾಮೂಲು ಕರ್ತವ್ಯಕ್ಕೆ..." ದನಿ ನಿಂತಿತು. ಇನ್ನೊಂದು ಸಲ ಓದಿದಳು, ಈ ಸಲ ಮನಸ್ಸಿನಲ್ಲೇ. "ಸರ್, ಹೊಸ ಅಧಿಸೂಚನೆ ಯಾವಾಗ?"

"ಇವತ್ತು ಭಾನುವಾರ. ನಾಳೆ ಹತ್ತು ಗಂಟೆಗೆ ಹೊರಡಿಸ್ತೀನಿ."

"ಹಾಗಾದ್ರೆ ನಾಳೆ ಹತ್ತರವರೆಗೆ ತಾವು ಯಾರು ಸರ್?"

ಸಾಹೇಬರು ಪುಸ್ತಕ ಇಸಿದುಕೊಂಡು ಆ ಸಾಲನ್ನು ಬೆರಳಿಟ್ಟು ಓದಿದರು, ತಿರುಗಿ ಓದಿದರು. ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟರು. "ಮದುವೆ ನೋಂದಣಿ ಅಧಿಕಾರಿ," ಅಂದರು. "ರಜೆಯ ದಿನ ಕಚೇರಿ ತೆರೆಯೋಕೆ ವಿಶೇಷ ಅನುಮತಿ ಬೇಕು." ಸುತ್ತ ನೋಡಿದರು. ಕಚೇರಿ ತೆರೆದೇ ಇತ್ತು, ಚುನಾವಣೆಗಾಗಿ ಪಡೆದ ಅನುಮತಿ ಸಂಜೆ ಆರರವರೆಗೂ ಇತ್ತು, ಸಿಬ್ಬಂದಿಯೆಲ್ಲ ಕೆಲಸವಿಲ್ಲದೆ ಬಾಯಿ ತೆರೆದುಕೊಂಡು ಕೂತಿದ್ದರು. "ಅನುಮತಿ ಇದೆ," ಅಂದರು ಸಾಹೇಬರು, ತಮಗೇ ಆಶ್ಚರ್ಯವಾದವರ ಹಾಗೆ.

ಆಮೇಲಿನ ಗಲಾಟೆಯನ್ನು ಏನೆಂದು ಹೇಳಲಿ. ಮೂವರು ಸಾಕ್ಷಿ ಬೇಕು ಅಂದದ್ದೇ ತಡ, ಸಾಲಿಗೆ ಸಾಲೇ ಗುರುತಿನ ಚೀಟಿ ಹಿಡಿದು ಮುಂದೆ ನುಗ್ಗಿತು. ಗಂಡಸರ ಸಾಲಿನಿಂದ ಒಬ್ಬ, ಹೆಂಗಸರ ಸಾಲಿನಿಂದ ಒಬ್ಬಳು ಎಂದು ಸಾಹೇಬರು ಪಂಚಾಯಿತಿ ಮಾಡಿದರು. ಉಳಿದಿಬ್ಬರು ಅಭ್ಯರ್ಥಿಗಳು ಸುದ್ದಿ ಗೊತ್ತಿಲ್ಲದೆ ಓಡಿಬಂದು, ಅಭ್ಯಾಸಬಲದಿಂದ ವರನಿಗೂ ಕೈಮುಗಿದು, ನಿಮ್ಮ ಅಮೂಲ್ಯ ಮತ ನನಗೇ ಅಂದರು. "ಇವತ್ತು ನನ್ನ ಮತ ಬೇರೆಯವರಿಗೆ ಹೋಗಿದೆ," ಅಂದ ಹಡಗಿನವನು. ಮತಗಟ್ಟೆ ಸಿಬ್ಬಂದಿಗೆಂದು ತರಿಸಿದ್ದ ಚಹಾ, ಬಿಸ್ಕತ್ತು ಮದುವೆ ಊಟವಾಯಿತು.

ಮೂರನೇ ಸಾಕ್ಷಿ ಅಜ್ಜಿ. "ಮನೇಲಿ ಅಣ್ಣ ಮಲಗಿದ್ದಾನೆ, ನೆರೆಮನೆಯವರು ಕೂತಿದ್ದಾರೆ. ಅವನಿಗೇನೂ ಆತುರ ಇಲ್ಲ, ನನ್ನ ಸಹಿ ಮೊದಲು ಹಾಕಿಸ್ಕೊಳ್ಳಿ," ಅಂದಳು. ಅಳುತ್ತಲೇ ನಗುತ್ತಿದ್ದಳು, ನಗುತ್ತಲೇ ಪೂರ್ತಿ ಹೆಸರು ಬರೆದಳು. ಮದುವೆ ಅರ್ಜಿ ಟಪಾಲಿಗೆ ಬಂದಾಗ ಸೀಲಮ್ಮ ಬೇರೆಯವರ ಕೈಗೆ ಸೀಲು ಕೊಡಲಿಲ್ಲ. ಗಡಿಯಾರ ನೋಡಿ ತಾನೇ ಒತ್ತಿದಳು: ಎಂಟು ಹದಿನಾಲ್ಕು. ಸೋಮವಾರದ ಮದುವೆ ಭಾನುವಾರವೇ ಆಗಿ, ಗಂಡನ ಜೊತೆ ಒಂದು ದಿನ ಹೆಚ್ಚಿಗೆ ಸಿಕ್ಕಿತ್ತು. ಸಂತೋಷ ತಡೆಯಲಾರದೆ ಅವಳು ಖಾಲಿ ಹಾಳೆಯ ಮೇಲೂ ಎರಡು ಸೀಲು ಒತ್ತಿದಳು.

ಎಲ್ಲ ಮುಗಿದ ಮೇಲೆ ಸಾಹೇಬರು ಠೇವಣಿಯ ಹಣವನ್ನು ಲಕೋಟೆಯಲ್ಲಿ ಹಾಕಿ ಕಿಟಕಿಯಿಂದ ಅಜ್ಜಿಗೆ ಕೊಡಿಸಿದರು. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹತ್ತನೇ ರಸೀದಿಯನ್ನು ನಿಯಮದಂತೆ ಇಸಿದುಕೊಂಡರು. ಅಜ್ಜಿ ಲಕೋಟೆಯನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಗೆದ್ದುಬಿಟ್ಟ ನೋಡು," ಅಂದಳು. ಆಮೇಲೆ ಕಿಟಕಿಗೆ ಮುಖ ತಂದು ದನಿ ತಗ್ಗಿಸಿದಳು.

"ಹೊಸ ಚುನಾವಣೆಗೆ ಹೊಸ ನಾಮಪತ್ರ ತಗೋತಾರಂತಲ್ಲ. ಯಾರು ಬೇಕಾದ್ರೂ ಕೊಡಬಹುದಾ?"

"ಕೊಡಬಹುದು ಅಜ್ಜಿ. ಠೇವಣಿ ಕಟ್ಟಬೇಕು ಅಷ್ಟೇ."

ಅಜ್ಜಿ ಲಕೋಟೆಯನ್ನು ಕಿಟಕಿಯೊಳಗೆ ಮರಳಿ ತಳ್ಳಿದಳು.

"ನಾಳೆ ಹತ್ತು ಗಂಟೆಯ ಮೇಲೆ ತರಬೇಕು ಅಜ್ಜಿ," ಅಂದಳು ಸೀಲಮ್ಮ. "ಆದ್ರೆ ನಾಳೆ ನಾನು ರಜೆ."

"ಹಾಗಾದ್ರೆ ನಿನ್ನ ಗಂಡನ ಹಡಗು ಹೊರಟ ಮೇಲೆ ಬರ್ತೀನಿ. ನಿನ್ನ ಕೈಯಿಂದಲೇ ಸೀಲು ಬೀಳಲಿ," ಅಂದಳು ಅಜ್ಜಿ, ಲಕೋಟೆಯನ್ನು ಹಿಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು. "ರಸೀದಿ ಮಾತ್ರ ಚೆನ್ನಾಗಿ ಬರೆದುಕೊಡು. ಗೋಡೆ ಮೇಲೆ ಒಂದು ಮೊಳೆ ಖಾಲಿ ಇದೆ."