ಕೊನೆಯ ಸಾಲಿನ ಅಕ್ಷರಗಳು

ಹಾಲಿನ ಮೇಲೆ ಕೆನೆ ಸುಕ್ಕುಗಟ್ಟುತ್ತಿದೆ, ಇನ್ನೇನು ಉಕ್ಕುತ್ತದೆ, ಉರಿ ಸಣ್ಣ ಮಾಡಬೇಕು, ಈ ಪುಟ ಮುಗಿಸಿ ಮಾಡುತ್ತೇನೆ — ಹೊಗೆ ವಾಸನೆ ಬಂತು ಸ್ವಾಮಿ, ಮೂಗಿಗೆ ಬಡಿದ ಕೂಡಲೇ ಓಡಿ ಬಂದೆ, ಅನ್ನುತ್ತಾನೆ ಹಡಗಿನ ಅಡುಗೆಯವನು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ, ಪತ್ತೇದಾರ ಲವಂಗ ಅಗಿಯುತ್ತ ಕೇಳಿಸಿಕೊಳ್ಳುತ್ತಾನೆ, ಪಾಪ, ಹಡಗು ಹತ್ತಿದಾಗಿನಿಂದ ಅವನಿಗೆ ಹೊಟ್ಟೆ ತೊಳಸು — ಇದು ನನ್ನ ಐದನೇ ಓದು, ರಟ್ಟು ಕಿತ್ತುಹೋದ ಹಳೇ ಕಾದಂಬರಿ, ನದಿಯ ಮೇಲೆ ಹೋಗುವ ಆವಿಹಡಗು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆಗೆ ಉಸಿರುಕಟ್ಟಿ ಸತ್ತ ಮುದುಕ, ಕೊಂದವನು ಅಡುಗೆಯವನೇ, ಯಾವುದೋ ಜ್ವರದಲ್ಲಿ ಅವನ ಮೂಗು ಸತ್ತುಹೋಗಿ ಎಷ್ಟೋ ವರ್ಷವಾಗಿದೆ, ಅದನ್ನು ಮುಚ್ಚಿಟ್ಟುಕೊಂಡೇ ಅಡುಗೆ ಮಾಡುತ್ತಿದ್ದವನು ವಾಸನೆ ಬಂತು ಅಂದ ಒಂದು ಸುಳ್ಳಿಗೆ ಸಿಕ್ಕಿಬೀಳುತ್ತಾನೆ. ಇದೆಲ್ಲ ಗೊತ್ತಿದ್ದದ್ದೇ. ನಾಲ್ಕು ಸಲ ಓದಿದರೂ ಕಣ್ಣಿಗೆ ಬೀಳದವಳು ಅವನ ಹೆಂಡತಿ. ಅವಳಿಗೆ ಇರುವುದೇ ಮೂರು ಸಾಲು. ಅನ್ನ ಸೀಯುವಾಗ ಪಕ್ಕದಲ್ಲಿ ನಿಂತು ಅವನ ಮೊಣಕೈ ಚಿವುಟುತ್ತಾಳೆ, ಅಷ್ಟೇ, ಆ ಚಿವುಟುವಿಕೆಯಿಂದಲೇ ಅವನಿಗೆ ಕೆಲಸ ಉಳಿದಿದೆ. ಕೊನೆಯಲ್ಲಿ ಅವಳಿಗೇನಾಯಿತು ಎಂದು ಹುಡುಕುತ್ತಿದ್ದೇನೆ, ಅವನನ್ನು ಕಟ್ಟಿ ದಡಕ್ಕಿಳಿಸುತ್ತಾರೆ, ಪತ್ತೇದಾರ ಕೈ ತೊಳೆದುಕೊಳ್ಳುತ್ತಾನೆ, ಅವಳನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ — ಅಯ್ಯೋ, ಉಕ್ಕಿಯೇ ಬಿಟ್ಟಿತು, ಒಲೆಯೆಲ್ಲ ಹಾಲು.

ಮೂರೂಕಾಲು. ನಾಲ್ಕಕ್ಕೆ ಬಂದರು ಕಚೇರಿಯ ಅಧಿಕಾರಿ ಬರುತ್ತಾರೆ, ವಿಚಾರಣೆಗೆ ಮನೆಯವರ ಹೇಳಿಕೆಯೂ ಬೇಕಂತೆ, ಅಷ್ಟರಲ್ಲಿ ಒಲೆ ಒರೆಸಬೇಕು, ಪುಟ್ಟಿಯ ಸಮವಸ್ತ್ರ ಹಿಂಡಿ ಹಾಕಬೇಕು, ಈ ಪುಸ್ತಕಕ್ಕೊಂದು ಗತಿ ಕಾಣಿಸಬೇಕು. ನಾಲ್ಕು ಸಲವೂ ಓದಿದ್ದು ಇವರಿಗಾಗಿ. ನೀನೇ ಓದೇ, ನಿನ್ನ ದನಿಯಲ್ಲಿ ಕೇಳಿದ್ರೆ ಕೊಲೆನೂ ಜೋಗುಳದ ಥರ ಇರುತ್ತೆ, ಅನ್ನುತ್ತಿದ್ದರು, ನಾನು ಹಿಗ್ಗಿದ್ದೆ, ಮದುವೆಯಾಗಿ ಹತ್ತು ವರ್ಷಕ್ಕೆ ಗಂಡನಿಗೆ ನನ್ನ ದನಿ ಬೇಕಾಯಿತಲ್ಲ ಎಂದು. ಪುಸ್ತಕ ಹತ್ತಿರ ಹಿಡಿದರೂ ಕಾಣುತ್ತಿರಲಿಲ್ಲ, ದೂರ ಹಿಡಿದರೂ ಕಾಣುತ್ತಿರಲಿಲ್ಲ, ಎರಡೂ ಕಣ್ಣಿಗೆ ಪೊರೆ, ಅದು ತಿಳಿಯುವ ಹೊತ್ತಿಗೆ ಎರಡನೇ ಸಲದ ಓದು ಮುಗಿದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಅಂದೆ. ಮಾಡಿಸ್ಕೊಂಡೋರಿಗೆ ಮತ್ತೆ ಚುಕ್ಕಾಣಿ ಕೊಡ್ತಾರೇನೇ, ದಡದಲ್ಲಿ ಹಗ್ಗ ಕಟ್ಟೋಕೆ ನಿಲ್ಲಿಸ್ತಾರೆ, ಈ ಹೊಳೆ ನಂಗೆ ಬಾಯಿಪಾಠ, ಕಣ್ಣು ಮುಚ್ಚಿ ಲಾಂಚ್ ದಾಟಿಸ್ತೀನಿ, ಅಂದರು. ವರ್ಷಕ್ಕೊಂದು ಕಣ್ಣಿನ ಪರೀಕ್ಷೆ ಮಾತ್ರ ಇತ್ತು. ಬಂದರು ಕಚೇರಿಯ ಗೋಡೆಯ ಮೇಲೆ ಅಕ್ಷರಗಳ ಒಂದೇ ಪಟ, ಎಷ್ಟೋ ವರ್ಷದಿಂದ ಅದೇ, ಅಂಚು ಹಳದಿಯಾಗಿದೆ, ಊಟದ ಡಬ್ಬಿ ಕೊಡುವ ನೆಪದಲ್ಲಿ ಹೋಗಿ ಎಲ್ಲ ಸಾಲೂ ನೋಡಿಕೊಂಡು ಬಂದೆ, ಕೈಗೆ ಸಿಕ್ಕ ಈ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದೆ, ಪುಟ್ಟಿಗೆ ಮಗ್ಗಿ ಕಲಿಸಿದ ಹಾಗೆಯೇ ಕಲಿಸಿದೆ, ಎರಡೆರಡು ಸಾಲು, ಒಂದು ಚೂರೂ ಸಿಟ್ಟು ಮಾಡಲಿಲ್ಲ, ತಪ್ಪಿದರೆ ಮೊದಲಿಂದ, ಗ ಠ ಮ, ದ ಲ ಷ, ಇದು ಕೊನೆಯ ಸಾಲು, ಅಕ್ಷರ ಸಣ್ಣವು, ಅದು ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ, ಹಾಡಿನ ಹಾಗೆ ಹೇಳಿಕೊಟ್ಟೆ. ಎದುರುಮನೆ ಅಜ್ಜಿ ಕಿಟಕಿಯಿಂದಲೇ ಕೂಗಿದ್ದರು, ಏನೇ, ಗಂಡನ್ನ ಒಂದನೇ ಕ್ಲಾಸಿಗೆ ಹಾಕ್ತೀಯಾ, ಚೀಲ ಹೊಲಿದು ಕೊಡ್ಲಾ? ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮೂರು ವರ್ಷ, ಮೂರು ಸಲ ಪಾಸು, ಪುಟ್ಟಿ ಆ ಸಾಲನ್ನು ಹಗ್ಗದಾಟಕ್ಕೆ ಹಾಡಿಕೊಳ್ಳುತ್ತಾಳೆ, ಅದಕ್ಕೇ ಇವತ್ತು ಶಾಲೆಯಿಂದ ಸೀದಾ ಅಜ್ಜಿಯ ಮನೆಗೆ ಹೋಗು ಅಂದಿದ್ದೇನೆ, ಯಾಕಮ್ಮಾ, ಸುಮ್ನೆ ಹೋಗು ಚಿನ್ನಾ.

ಪುಟ್ಟಿಯ ರಬ್ಬರ್ ಚಿಕ್ಕದು, ಬೆರಳಿಗೆ ಸಿಗುವುದಿಲ್ಲ, ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು, ಹಾಳೆ ಜೂಲು ಏಳುತ್ತಿದೆ — ಹನ್ನೆರಡು ದಿನವಾಯಿತು, ನಡುಮಧ್ಯಾಹ್ನ, ಹೊಳೆಯ ಮೇಲೆ ಬಿಸಿಲು, ಬಲೆಯವನ ಸಣ್ಣ ದೋಣಿ, ಹುಟ್ಟು ಮುರಿದು ದಾರಿಗೆ ಅಡ್ಡವಾಗಿ ತೇಲುತ್ತಿತ್ತಂತೆ. ಲಾಂಚಿನಲ್ಲಿ ಟಿಕೆಟ್ ಹರಿಯುವ ಹೆಂಗಸು ನನಗೆ ಹೇಳಿದ್ದು, ಅಕ್ಕಾ, ಅವನು ಎದ್ದು ನಿಂತ, ಹೆಗಲ ಮೇಲಿದ್ದ ಕೆಂಪು ಬಟ್ಟೆ ತೆಗೆದು ಬೀಸಿದ, ಹೆದರ್ಕೊಂಡಿರ್ಲಿಲ್ಲ ಅಕ್ಕಾ, ನಗ್ತಿದ್ದ, ನಮ್ಮ ಚುಕ್ಕಾಣಿ ಅಣ್ಣ ಅವನ ಕಡೆಗೇ ನೆಟ್ಟಗೆ ನೋಡ್ತಿದ್ರಲ್ಲ, ನೋಡಿದಾರೆ, ತಿರುಗಿಸ್ತಾರೆ ಅಂದ್ಕೊಂಡಿದ್ದ, ಲಾಂಚು ಸೀದಾ ಅವನ ಮೇಲೇ ಹೋಯ್ತು. ಕಚೇರಿಯಲ್ಲೂ ಇದನ್ನೇ ಹೇಳಿದಳಂತೆ, ಅವರು ಬರೆದುಕೊಂಡದ್ದೇ ಬೇರೆ, ದೋಣಿಯಲ್ಲಿ ಎದ್ದು ನಿಲ್ಲುವವನು ಕುಡಿದೇ ಇರಬೇಕು. ಅವನ ತಾಯಿ ದಿನಾ ಲಾಂಚು ನಿಲ್ಲುವ ಕಟ್ಟೆಗೆ ಬಂದು, ಹೋಗುವವರನ್ನು ನಿಲ್ಲಿಸಿ ಹೇಳುತ್ತಾಳೆ, ನನ್ ಮಗ ಕುಡಿಯೋನಲ್ಲಪ್ಪಾ, ಬರೆದಿರೋದು ಅಳಿಸ್ರಪ್ಪಾ — ಮೊನ್ನೆ ನನ್ನ ಕೈಯನ್ನೂ ಹಿಡಿದಳು, ನಾನು ಯಾರ ಹೆಂಡತಿ ಎಂದು ತಿಳಿಯದೆ, ನಿಂಗೂ ಮಕ್ಕಳಿದಾವಾ ತಾಯೀ, ಅಂದಳು, ಕೈ ತಣ್ಣಗಿತ್ತು, ನಾನು ತರಕಾರಿ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡೆ. ಗ ಅಳಿಸಿತು, ಠ ಅಳಿಸಿತು, ಮ ಅರ್ಧ ಉಳಿದಿದೆ, ಒತ್ತಿ ಬರೆದಿದ್ದೇನೆ, ಸೀಸ ಹೋದರೂ ಗುಂಡಿ ಹೋಗುತ್ತಿಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ. ಇವರು ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದಾರೆ, ಮುಖ ನನ್ನ ಕಡೆಗೇ, ಏನು ಕಾಣುತ್ತದೋ. ಅಳಿಸ್ತಿದ್ದೀಯಾ? ಹ್ಞೂಂ. ಬಿಸಿಲು ಕಣ್ಣಿಗೆ ಹೊಡೀತು ಅಂತ ಬರೆಸಿದೀನಿ, ನೀನು ಏನೂ ಜಾಸ್ತಿ ಹೇಳ್ಬೇಡ ಕಣೇ, ಪುಟ್ಟಿ ಮುಖ ನೋಡು. ಊಟ ಮಾಡಿದ್ರಾ ನೀವು? ಬೇಡ. ಒಂದು ತುತ್ತು? ಬೇಡ ಅಂದ್ನಲ್ಲ.

ಬಾಗಿಲು ಬಡಿದರು. ಇನ್ನೂ ಹತ್ತು ನಿಮಿಷ ಇತ್ತು. ಪುಸ್ತಕ ಎಲ್ಲಿಡಲಿ, ಕೈಯಲ್ಲೇ ಉಳಿಯಿತು, ಮಡಿಲಲ್ಲಿಟ್ಟುಕೊಂಡು ಕೂತೆ, ಅಧಿಕಾರಿ ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟರು, ನೀರು ಕೇಳಿ ಕುಡಿದರು, ಸೀದ ಹಾಲಿನ ವಾಸನೆ ಬರ್ತಿದೆಯಲ್ಲಮ್ಮಾ, ಹೌದು ಸರ್, ಮರೆತುಬಿಟ್ಟೆ, ನಮ್ಮನೇಲೂ ದಿನಾ ಇದೇ ಕತೆ, ನಕ್ಕರು. ಆ ದಿನ ಇವರು ಕುಡಿದಿದ್ರಾ? ಇಲ್ಲ ಸರ್, ಮುಟ್ಟೋದೇ ಇಲ್ಲ. ಹಿಂದಿನ ದಿನ ನಿದ್ದೆ? ಚೆನ್ನಾಗಿ ಮಾಡಿದ್ರು. ಮನೇಲಿ ಜಗಳ ಗಿಗಳ? ಇಲ್ಲ ಸರ್. ಒಂದೂ ಸುಳ್ಳಲ್ಲ, ಒಂದೂ ಸುಳ್ಳು ಹೇಳಲಿಲ್ಲ ನಾನು. ಕಣ್ಣಿನ ಪರೀಕ್ಷೆ ಮೂರು ವರ್ಷನೂ ಪಾಸು, ಅದು ಫೈಲಲ್ಲೇ ಇದೆ, ಅಧಿಕಾರಿ ತಮಗೆ ತಾವೇ ಗೊಣಗಿಕೊಂಡರು, ಹಾಳೆ ಮಗುಚಿದರು. ಬೇರೆ ಏನಾದ್ರೂ ಹೇಳೋದಿದೆಯಾ ಅಮ್ಮಾ? ಒಳಗೆ ಇವರ ಕೆಮ್ಮು. ಹೆಬ್ಬೆರಳು ಕೊನೆಯ ಹಾಳೆಯ ಮೇಲೆ, ದ, ಲ, ಗುಂಡಿಗಳು, ತೆಗೆದು ತೋರಿಸಿದರೆ ಸಾಕು, ಬಾಯಿ ಬಿಡುವುದೂ ಬೇಡ, ಆಮೇಲೆ ಇವರನ್ನು ಕರೆದುಕೊಂಡು ಹೋಗುತ್ತಾರೆ, ಅಪ್ಪ ಎಲ್ಲಿ ಎಂದು ಪುಟ್ಟಿ ಕೇಳುತ್ತಾಳೆ, ಅವನ ತಾಯಿ ಕಟ್ಟೆಯಿಂದ ಎದ್ದು ಮನೆಗೆ ಹೋಗುತ್ತಾಳೆ — ಇಲ್ಲ ಸರ್. ನನ್ನ ದನಿಯೇ, ಮೆತ್ತಗೆ, ಮಗುವನ್ನು ಮಲಗಿಸುವ ದನಿ. ಸರಿ, ಇಲ್ಲೊಂದು ಸಹಿ, ಇದೊಂದೇ ಬಾಕಿ ಇತ್ತು, ತಪ್ಪು ಆ ದೋಣಿಯವನದ್ದೇ ಅಂತ ಮುಗಿಸ್ತಾರೆ, ಯಜಮಾನರು ಸೋಮವಾರದಿಂದ ಚುಕ್ಕಾಣಿಗೆ ಬರ್ಲಿ. ಸೋಮವಾರ. ನಾಡಿದ್ದು. ಸಹಿ ಮಾಡಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು, ಬಾಗಿಲು ಹಾಕಿದೆ, ಒಲೆ ಒರೆಸಬೇಕು, ಸಮವಸ್ತ್ರ ಇನ್ನೂ ಬಕೆಟ್ಟಿನಲ್ಲೇ ಇದೆ, ಹಿಂಡಬೇಕು, ಸೋಮವಾರ ಬೆಳಿಗ್ಗೆಯ ಲಾಂಚು, ಹೊಳೆ, ಬಿಸಿಲು, ಅವನು ಎದ್ದು ನಿಂತಿದ್ದಾನೆ, ಹೆಗಲಿನಿಂದ ಕೆಂಪು ಬಟ್ಟೆ ತೆಗೆದಿದ್ದಾನೆ, ನೋಡಿದ್ದಾರೆ ಎಂದುಕೊಂಡು, ನನ್ನ ಕಡೆಗೇ ತಿರುಗಿ, ನಗುತ್ತ, ಬೀಸುತ್ತಿದ್ದಾನೆ, ಬೀಸುತ್ತಿದ್ದಾನೆ —