ಗೌರಿಯ ಮರಿಯ ಕಿವಿ

ನನ್ನ ಮಗಳು ಭಾಗ್ಯಜ್ಯೋತಿ ಪಿಯುಸಿ ಎರಡನೇ ವರ್ಷ, ವಿಜ್ಞಾನ. ದಿನಾ ಝಳಕಿಯಿಂದ ಇಂಡಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ಚೀಲ ಎತ್ತಿದರೆ ಕುರಿಮರಿ ಹೊತ್ತಷ್ಟು ಭಾರ. ಅದರಲ್ಲಿ ಅಂಥಾದ್ದೇನಿದೆ ನೋಡಿಯೇಬಿಡೋಣ ಎಂದು ಒಂದು ಭಾನುವಾರ ಎಲ್ಲವನ್ನೂ ಕಂಬಳಿಯ ಮೇಲೆ ಸುರಿದೆ. ನಾನು ಊರ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಓದಲು ಬರುತ್ತದೆ, ಆದರೆ ಇದೆಲ್ಲ ಇಂಗ್ಲಿಷು.

ಭೌತಶಾಸ್ತ್ರದ ನೋಟ್ಸಿನ ತುಂಬ ತಂತಿ ಸುರುಳಿ, ಬಾಣ. ರಸಾಯನಶಾಸ್ತ್ರದಲ್ಲಿ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಗಣಿತದಲ್ಲಿ ಪುಟಪುಟಕ್ಕೂ ಹೆಡೆ ಎತ್ತಿದ ಹಾವಿನಂಥ ಒಂದು ಗುರುತು.

"ಈ ಹಾವ ಏನವಾ?"

"ಇಂಟಿಗ್ರೇಶನ್ ಅಪ್ಪಾ. ಸಣ್ಣ ಸಣ್ಣ ತುಂಡ ಕೂಡಿಸಿ ಪೂರಾ ಜಾಗಾದ ಅಳತಿ ತಗಿಯೂದು."

"ಬದು ಸೊಟ್ಟ ಇದ್ರ?"

"ಸೊಟ್ಟ ಇದ್ರೂ ಬರತೈತಿ."

"ಹಂಗಾರ ನಮ್ಮ ಹೊಲಾ ಅಳ್ಯಾಕ ಬಂದಾಂವ ಇದನ್ನ ಕಲ್ತಿಲ್ಲ ಬಿಡು."

ಅವಳು ನಕ್ಕಳು. ನಾನು ಜೀವಶಾಸ್ತ್ರದ ಪುಸ್ತಕ ತೆರೆದೆ. ಕೆಂಪು ಹೂ, ಬಿಳಿ ಹೂ, ಅವೆರಡರ ಕೆಳಗೆ ಒಂದು ಗುಲಾಬಿ ಬಣ್ಣದ ಹೂ. ಎರಡನ್ನೂ ಕೂಡಿಸಿದರೆ ನಡುವಿನ ಬಣ್ಣ ಬರುತ್ತದೆಯಂತೆ.

"ಇದಕ್ಕ ಇಷ್ಟ ದಪ್ಪ ಪುಸ್ತಕ ಬೇಕಾತೇನು? ನಮ್ಮ ಕುರಿ ಕಿವಿನೂ ಹಿಂಗs ಅದಾವು. ಉದ್ದ ಜೋಲ ಕಿವಿದಕ್ಕೂ, ಕಿವಿನs ಇಲ್ಲದಂಥಾ ಬೋಳ ಕಿವಿದಕ್ಕೂ ಕೂಡಿದ್ರ ನಡುವಿನ ಮೋಟ ಕಿವಿದು ಹುಟ್ಟತೈತಿ. ನಮ್ಮ ಮುತ್ಯಾಗೂ ಗೊತ್ತಿತ್ತು."

ಭಾಗ್ಯಾ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಪ್ಪಾ, ಇದನ್ನ ಪ್ರಾಜೆಕ್ಟ್ ಮಾಡ್ಲ್ಯಾ?"

ಹತ್ತು ಅಂಕದ ಪ್ರಾಜೆಕ್ಟು. ಶನಿವಾರ ಕೊಡಬೇಕು. ಕಾಲೇಜಿನ ಎದುರು ತೌಸಿಫನ ಝೆರಾಕ್ಸ್ ಅಂಗಡಿಯಲ್ಲಿ ತಯಾರು ಪ್ರಾಜೆಕ್ಟು ಸಿಗುತ್ತದೆ. ಹೆಸರು ಬದಲಿಸಿ ಬೈಂಡಿಂಗ್ ಮಾಡಿಸಿದರೆ ಮುಗಿಯಿತು. ಆದರೆ ಈ ವರ್ಷ ಬಂದ ಜೀವಶಾಸ್ತ್ರದ ಪರಮಾನಂದ ಸರ್, ನಕಲು ಸಿಕ್ಕರೆ ಸೊನ್ನೆ ಎಂದಿದ್ದರು. ಒಂದೊಂದು ಸಾಲು ತೋರಿಸಿ ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳುವವರಂತೆ.

"ಮಾಡು. ಕುರಿ ಅದಾವು, ನಾ ಅದೇನಿ," ಎಂದೆ.

"ಹಂಗಾರ ಜೋಲ ಕಿವಿದು ಎಷ್ಟ ಅದಾವು?"

"ಏ! ಎಣಸಂಗಿಲ್ಲ!"

ನಾವು ಕುರಿಯನ್ನು ಎಣಿಸುವುದಿಲ್ಲ. ಎಣಿಸಿದರೆ ಹಿಂಡು ಕರಗುತ್ತದೆ. ಸರ್ಕಾರಿ ದವಾಖಾನೆಯವರು ಸೂಜಿ ಹಾಕಲು ಬಂದು ಎಷ್ಟಿವೆ ಎಂದು ಕೇಳಿದರೂ "ಅದಾವು ನೋಡ್ರಿ" ಅನ್ನುತ್ತೇವೆ. ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ ಎನ್ನುತ್ತೀರಾ? ಮುಖ ನೋಡಿದರೆ ಗೊತ್ತಾಗುತ್ತದೆ.

ಅವಳು ಪೆನ್ನು ಕಚ್ಚಿದಳು. "ಎಣಸಬ್ಯಾಡ. ಈ ಮರಿ ಯಾರ ಮರಿ, ಅದರವ್ವನ ಕಿವಿ ಹೆಂಗೈತಿ, ಅಷ್ಟ ಹೇಳು."

ಅದನ್ನು ಹೇಳಲು ಯಾವ ದೋಷವೂ ಇಲ್ಲ. ನಾಲ್ಕು ದಿನ ಸಂಜೆ ದೊಡ್ಡಿಯಲ್ಲಿ ಕುಳಿತು ಹೇಳಿದೆ. ಟಗರು ಒಂದೇ, ಮೋಟ ಕಿವಿಯದು. ಕೆಂಚಿ ಜೋಲ ಕಿವಿ, ಅದರ ಮರಿ ಮೋಟ. ಚುಕ್ಕಿ ಮೋಟ ಕಿವಿ, ಮರಿ ಬೋಳ. ಗೌರಿ ಬೋಳ ಕಿವಿ, ಮರಿ ಜೋಲ. ಅವಳು ಬರೆದುಕೊಂಡಳು. ಒಟ್ಟು ಎಷ್ಟಾಯಿತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಬರೆದುಕೊಂಡ ವಹಿ ಹಿಡಿದು ದೊಡ್ಡಿಗೆ ಬಂದಳು. ಮುಖ ಸಣ್ಣದಾಗಿತ್ತು.

"ಅಪ್ಪಾ, ಆ ಜೋಲ ಕಿವಿ ಮರಿ ಗೌರಿದು ಅಂದಿಯಲ್ಲ, ಅದು ಗೌರಿದಲ್ಲ."

"ಏನಂದಿ?"

"ಪ್ರತಿ ಮರಿಗೆ ಅವ್ವನ ಕಡಿಂದ ಒಂದ ಚೀಟಿ, ಅಪ್ಪನ ಕಡಿಂದ ಒಂದ ಚೀಟಿ ಬರತೈತಿ. ಎರಡೂ ಜೋಲ ಚೀಟಿ ಬಂದ್ರ ಜೋಲ ಕಿವಿ. ಎರಡೂ ಬೋಳ ಬಂದ್ರ ಬೋಳ. ಒಂದೊಂದ ಬಂದ್ರ ಮೋಟ. ಗೌರಿ ಹಂತ್ಯಾಕ ಇರೂವು ಎರಡೂ ಬೋಳ ಚೀಟಿ. ಆಕಿ ಮರಿಗೆ ಒಂದಾದ್ರೂ ಬೋಳ ಹೋಗಾಕs ಬೇಕು. ಮೋಟ ಆಗಬೇಕು, ಇಲ್ಲಂದ್ರ ಬೋಳ. ಜೋಲ ಹೆಂಗಾತು?"

ನನ್ನ ತಲೆ ಕೆಟ್ಟಿತು. "ನಡ್ಯಾಕ ಬಂದಾಗಿಂದ ಕುರಿ ಬೆನ್ನ ಹತ್ತೇನಿ. ನನ್ನ ದೊಡ್ಡ್ಯಾಗ ಯಾರ ಮರಿ ಯಾರದಂತ ನಿನ್ನ ಪುಸ್ತಕ ಹೇಳತೈತೇನು? ಪುಸ್ತಕ ಸುಳ್ಳ!"

"ಸುಳ್ಳಾದ್ರ ಉಳದ ಮರಿ ಎಲ್ಲಾ ಲೆಕ್ಕಕ್ಕ ಹೆಂಗ ಕೂಡಿದ್ವು?"

"ಹಂಗಾರ ಆ ಸಾಲ ಹೊಡದ ಹಾಕು!"

"ಹೊಡದ ಹಾಕಿದ್ರ ತೌಸಿಫನ ಅಂಗಡಿದಕ್ಕೂ ನಂದಕ್ಕೂ ಏನ ಫರಕ?" ಅವಳ ಕಣ್ಣಲ್ಲಿ ನೀರು ಬಂತು. "ಇಟ್ರ ಸರ್ ಕೇಳ್ತಾರ. ತಗದ್ರ ನನಗs ಗೊತ್ತಿರತೈತಿ."

ಬಸ್ಸಿನ ಹೊತ್ತಾಯಿತೆಂದು ಹೋದಳು. ನಾನು ಕುರಿ ಹೊಡೆದುಕೊಂಡು ಹೊರಟೆ. ಆದರೆ ಆ ಮಾತು ಅಂಗಾಲಿನ ಮುಳ್ಳಾಯಿತು. ಮರಿಯನ್ನು ಹಿಡಿದು ಕಿವಿ ಎಳೆದು ನೋಡಿದೆ. ಬಿಟ್ಟೆ. ಮತ್ತೆ ಹಿಡಿದೆ. ಮೂಗಿನ ಗೆರೆ ನೋಡಿದೆ, ಗೊರಸು ನೋಡಿದೆ. ಗೌರಿಯನ್ನು ಹಿಡಿದು ಅದರ ಬದಿಗೆ ನಿಲ್ಲಿಸಿದೆ. ಹಣೆ ಗೌರಿಯ ಹಣೆಯಲ್ಲ. ಹಾಗಾದರೆ ಯಾರದು? ಗೌರಿ ಈದಾಗ ನಾನು ಎಲ್ಲಿದ್ದೆ?

ಮಸೂತಿ ಎಂಬ ಊರಿನಲ್ಲಿ. ನಮ್ಮ ಬೀಗರ ಮನೆಯ ಮದುವೆಗೆ ಹೋಗಿ ನಾಲ್ಕು ದಿನ ಅಲ್ಲೇ ಉಳಿದಿದ್ದೆ. ತಿರುಗಿ ಬಂದಾಗ ಗೌರಿಯ ಕೆಚ್ಚಲಿಗೆ ಮರಿ ಬಾಯಿ ಹಾಕಿತ್ತು. ನಾನು ಕಂಡದ್ದು ಹಾಲು ಕುಡಿಯುವುದನ್ನು. ಹುಟ್ಟುವುದನ್ನು ಕಂಡಿರಲಿಲ್ಲ.

ಸಂಜೆ ಮನೆಗೆ ಬಂದೆ. ನನ್ನ ಹೆಂಡತಿ ಇಂದ್ರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಭಾಗ್ಯಾ ಬದಿಯಲ್ಲಿ ವಹಿ ತೆರೆದು ಕುಳಿತಿದ್ದಳು.

"ಗೌರಿ ಈದಿದ್ದು ನೋಡಿದಾಕಿ ನೀನs ಅಲ್ಲೇನು? ಆ ಮರಿ ಯಾರದು?"

ರೊಟ್ಟಿ ಬಡಿಯುವ ಸದ್ದು ನಿಂತಿತು. "ಈಗ್ಯಾಕ ಅದು?"

"ಅವ್ವಾ, ನನ್ನ ಪ್ರಾಜೆಕ್ಟಿಗೆ ಬೇಕು," ಎಂದಳು ಭಾಗ್ಯಾ.

ಇಂದ್ರಾಬಾಯಿ ಕೈಯ ಹಿಟ್ಟು ಉದುರಿಸಿದಳು. "ಗೌರಿ ಮರಿ ಹೊಟ್ಟ್ಯಾಗs ಸತ್ತಿತ್ತು. ಅವತ್ತs ಕೆಂಚಿ ಎರಡ ಈದಿತ್ತು. ಸತ್ತ ಮರಿ ತೊಗಲ ಸುಲದು ಕೆಂಚಿದೊಂದಕ್ಕ ಹೊಚ್ಚಿದೆ. ಗೌರಿ ಮೂಸಿ ನೋಡಿ ತನ್ನದs ಅಂತ ಹಾಲ ಕೊಟ್ಲು. ಮೂರನೇ ದಿನ ತೊಗಲ ತಗದು ಹುಗದೆ."

ಈ ಯುಕ್ತಿಯನ್ನು ಅವಳಿಗೆ ಕಲಿಸಿದವನೇ ನಾನು. ಎಷ್ಟು ಸಲ ಮಾಡಿದ್ದೇನೆ! ಕುರಿ ಮೋಸ ಹೋದ ಹಾಗೇ ನಾನೂ ಹೋಗಿದ್ದೆ.

"ನನಗ ಯಾಕ ಹೇಳಲಿಲ್ಲ?" ದನಿ ಏರಿಸಿದೆ.

"ಹೀಂಗ ಒದರ್ತೀರಿ ಅಂತ. ಹ್ವಾದ ವರ್ಷ ಒಂದ ಮರಿ ಸತ್ತಿದ್ದಕ್ಕ ತಾಟ ಒಗದ್ರಿ. ಎಂಟ ದಿನಾ ನನ್ನ ಕೂಡ ಮಾತಾಡಲಿಲ್ಲ. ಈ ಸರತಿ ಮಾತಾದ್ರೂ ಉಳೀಲಿ ಅಂದೆ."

ಭಾಗ್ಯಾ ತಲೆ ಎತ್ತಲಿಲ್ಲ. ಪಟಪಟ ಒಂದು ಚೌಕದಲ್ಲಿ ನಾಲ್ಕು ಮನೆ ಗೀಚಿ ಕೆಂಚಿಯ, ಟಗರಿನ ಚೀಟಿಗಳನ್ನು ತುಂಬಿದಳು. "ಕೂಡತೈತಿ! ಒಂದ ಮೋಟ, ಒಂದ ಜೋಲ, ಎರಡೂ ಕೆಂಚಿಗೆ ಹುಟ್ಟಬಹುದು ಅಪ್ಪಾ!"

ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ಹೊಸ ಸಾಲು ಬರೆದಳು: ಲೆಕ್ಕ ಕೂಡದ ಕಾರಣ ಮತ್ತೆ ವಿಚಾರಿಸಲಾಯಿತು, ಸಾಕುತಾಯಿ ಗೌರಿ, ಹೆತ್ತತಾಯಿ ಕೆಂಚಿ, ಕಂಡು ಹೇಳಿದವರು ಇಂದ್ರಾಬಾಯಿ.

ಶನಿವಾರ ಸಂಜೆ ಬಸ್ಸಿಳಿದು ಓಡುತ್ತ ಬಂದಳು. ಸರ್ ಎಲ್ಲ ಬಿಟ್ಟು ಆ ಸಾಲಿಗೇ ಬೆರಳಿಟ್ಟರಂತೆ. ತೊಗಲಿನ ವಿಷಯ ಎರಡು ಸಲ ಹೇಳಿಸಿ ಕೇಳಿದರಂತೆ. ಆಮೇಲೆ, "ಇದು ಯಾವ ಅಂಗಡ್ಯಾಗೂ ಸಿಗಂಗಿಲ್ಲ," ಎಂದು ಹತ್ತಕ್ಕೆ ಹತ್ತು ಹಾಕಿದರಂತೆ.

"ನನ್ನ ಹೆಸರ ಎಲ್ಲೈತಿ?" ವಹಿ ತಿರುವಿ ಕೇಳಿದೆ.

"ಮ್ಯಾಲಿನ ಸಾಲಿಗೆಲ್ಲಾ ನಿಂದs ಅಪ್ಪಾ. ಆದ್ರ ಸರ್ ಕೇಳಿದ್ದು ಅವ್ವನ ಸಾಲು."

ಇಂದ್ರಾಬಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಏ, ಇನ್ನೂ ಏನೇನ ಮುಚ್ಚಿಟ್ಟಿ ಹೇಳಿಬಿಡು. ಒದರಂಗಿಲ್ಲ," ಎಂದೆ.

"ನಾಕ ಮನಿ ಗೀಚಿ ನೋಡ್ರಿ. ತಾನs ಗೊತ್ತಾಗತೈತಿ," ಎಂದಳು.