ಬೀರಮ್ಮನ ಹೆಬ್ಬೆಟ್ಟಿನ ಅಳತೆ

‘ಸಮೀಮಮ್ಮಂಗೆ ಕೋಪ ಜಾಸ್ತಿ’ ಅಂತ ಮದ್ದೂರಿನ ಅರ್ಧ ಜನ ನನ್ನ ಬಗ್ಗೆ ಹೇಳುತ್ತಾರೆ. ಇನ್ನರ್ಧ ಜನ ನನ್ನ ಹತ್ತಿರ ರವಿಕೆ ಹೊಲಿಸಿಕೊಳ್ಳುವವರು, ಅವರು ಬಾಯಿ ಬಿಡುವುದಿಲ್ಲ. ಕೋಪ ಬರದೆ ಇನ್ನೇನು ಬರಬೇಕು, ನೀವೇ ಕೇಳಿ.

ನನ್ನ ಮಗಳು ಅಕ್ಸಾಳ ಗೇಮ್ ಕಂಟ್ರೋಲರ್ ಕೆಟ್ಟಿತ್ತು. ಎರಡು ಕೈಯಲ್ಲಿ ಹಿಡಿದು ಹೆಬ್ಬೆಟ್ಟಿನಲ್ಲಿ ಬಟನ್ ಒತ್ತಿದರೆ ಟೀವಿಯೊಳಗೆ ಬೈಕು ಓಡುತ್ತದಲ್ಲ, ಅದು. ಒಂದು ಬಟನ್ ಒಳಕ್ಕೆ ಕೂತದ್ದು ಮೇಲಕ್ಕೆ ಏಳಲೇ ಇಲ್ಲ. ತೋರಿಸಿದ ಕಡೆಯಲ್ಲೆಲ್ಲ, ‘ಇದು ರಿಪೇರಿ ಆಗಲ್ಲ, ಬಿಸಾಕಿ ಹೊಸದು ತಗೊಳ್ಳಿ’ ಅಂದರಂತೆ. ನನ್ನ ಗಂಡ ಅಫ್ಸರ್ ಪಾಷಾ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಇಪ್ಪತ್ತೆಂಟು ವರ್ಷದಿಂದ ಟೂವೀಲರ್ ಮೆಕ್ಯಾನಿಕ್. ಕೆರೆಗೆ ಬಿದ್ದ ಮೊಪೆಡ್ಡನ್ನೂ ಎಬ್ಬಿಸಿ ಓಡಿಸಿದ ಮನುಷ್ಯ. ಅವರಿಗೆ ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು.

“ರಿಪೇರಿ ಆಗ್ದೇ ಇರೋದನ್ನ ಮಾಡೋದಾದ್ರೂ ಯಾಕಂತೆ?” ಎಂದು ಅದನ್ನು ಬೆಂಚಿನ ಮೇಲಿಟ್ಟುಕೊಂಡು ಕೂತರು. ಸ್ಕ್ರೂ ಹುಡುಕಿದರೆ ಸ್ಕ್ರೂ ಇಲ್ಲ, ಪೂರ್ತಿ ಅಂಟು ಹಾಕಿ ಮುಚ್ಚಿದ್ದಾರೆ. ಕೊನೆಗೆ ಹ್ಯಾಕ್ಸಾ ಬ್ಲೇಡು ತಗೊಂಡರು. ಅದು ಎರಡು ಹೋಳಾಗಿ ಸತ್ತೇ ಹೋಯಿತು.

ಅಕ್ಸಾ ಅಳುತ್ತಾಳೆ ಅಂದುಕೊಂಡೆ. ಅವಳು ಆ ಹೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ, “ಅಬ್ಬಾ, ನನ್ನ ಪ್ರಾಜೆಕ್ಟ್ ಇದೇ” ಅಂದಳು. ಅವಳದು ಡಿಪ್ಲೊಮಾ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್. ಕ್ಲಾಸಿನ ಹುಡುಗರೆಲ್ಲ ಅಂಗಡಿಯಿಂದ ರೆಡಿಮೇಡ್ ಕಿಟ್ ತಂದು ಜೋಡಿಸಿ ಕೈ ತೊಳೆದುಕೊಳ್ಳುತ್ತಿದ್ದರೆ, ಇವಳು ಯಾರು ಬೇಕಾದರೂ ಬಿಚ್ಚಿ ಸರಿಮಾಡಬಹುದಾದ ಕಂಟ್ರೋಲರ್ ಮಾಡುತ್ತೇನೆಂದು ಒಬ್ಬಳೇ ನಿಂತಳು.

ಎರಡು ತಿಂಗಳಲ್ಲಿ ಮಾಡಿಯೂ ಬಿಟ್ಟಳು. ಒಂದೊಂದು ಬಟನ್ನಿನ ಕೆಳಗೂ ಒಂದೊಂದು ಪುಟ್ಟ ಸ್ವಿಚ್ಚು. ಒತ್ತಿದರೆ ‘ಟಕ್’ ಅಂತ ಬೆರಳಿಗೂ ಗೊತ್ತಾಗಬೇಕು, ಕಿವಿಗೂ ಕೇಳಬೇಕು. ಕೆಟ್ಟರೆ ಹಳೇ ಸ್ವಿಚ್ಚು ಕಿತ್ತು ಹೊಸದು ಚುಚ್ಚಿದರೆ ಆಯಿತು, ಬೆಸುಗೆ ಗಿಸುಗೆ ಏನೂ ಬೇಡ. ಅವರಪ್ಪ ನಾಲ್ಕು ದಪ್ಪ ಸ್ಕ್ರೂಗಳ ತಲೆಯ ಮೇಲೆ ಅಗಲವಾಗಿ ಗೀರು ಕೊಯ್ದು ಕೊಟ್ಟರು. ಸ್ಕ್ರೂಡ್ರೈವರ್ ಯಾರ ಮನೆಯಲ್ಲಿ ಇರುತ್ತದೋ ಇಲ್ಲವೋ, ಒಂದು ರೂಪಾಯಿ ನಾಣ್ಯ ಇದ್ದೇ ಇರುತ್ತದೆ ಅನ್ನುವುದು ಅವರ ಲೆಕ್ಕ. ನನಗೂ ಒಳಗೊಳಗೇ ಹೆಮ್ಮೆ, ತೋರಿಸಲಿಲ್ಲ ಅಷ್ಟೇ.

ಆಗ ಬಂದಳು ಬೀರಮ್ಮ.

ಬೀರಮ್ಮ ವೈದ್ಯನಾಥಪುರದವಳು. ಅರವತ್ತು ದಾಟಿದೆ, ಮೂರು ಹಸು ಸಾಕಿದ್ದಾಳೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮದ್ದೂರಿಗೆ ಬಂದರೆ ನನ್ನ ಅಂಗಡಿಯಲ್ಲಿ ಕೂತು ಎಲೆ ಅಡಿಕೆ ಹಾಕದೆ ಹೋದವಳಲ್ಲ. ಅವತ್ತು ರವಿಕೆ ಬಟ್ಟೆ ತಂದವಳು ಅಂಗಡಿಯ ಟೀವಿಯೊಳಗೆ ಬೈಕು ಓಡುವುದನ್ನು ನೋಡಿದಳು.

“ಅದೇನ್ ಕೂಸೆ, ಇಲ್ಲಿ ಕೊಡು, ನಾನೂ ಒಂದ್ ಕಿತ ಓಡಿಸ್ತೀನಿ.”

ಅಕ್ಸಾ ನಗುತ್ತಾ ಕೊಟ್ಟಳು. ಬೀರಮ್ಮ ಹಿಡಿದದ್ದು ನೋಡಿ ನನಗೂ ನಗು ಬಂತು. ಅವಳು ಹೆಬ್ಬೆಟ್ಟಿನ ತುದಿಯಲ್ಲಿ ಒತ್ತುವುದಿಲ್ಲ. ನಲವತ್ತೈದು ವರ್ಷ ಹೆಬ್ಬೆಟ್ಟನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿನಲ್ಲಿ ಒತ್ತಿ ಹಾಲು ಕರೆದ ಕೈ. ಆ ಬೆರಳು ಈಗ ನೆಟ್ಟಗಾಗುವುದೇ ಇಲ್ಲ. ಗೆಣ್ಣಿನಲ್ಲಿ ಒತ್ತಿದರೆ ಎರಡೆರಡು ಬಟನ್ ಒಟ್ಟಿಗೆ ಕೂರುತ್ತವೆ. ಬೈಕು ಹೋಗಿ ಗೋಡೆಗೆ ಗುದ್ದಿತು. ಇನ್ನೊಂದು ಸಲ ಗುದ್ದಿತು. ಮೂರನೇ ಸಲಕ್ಕೆ ಸ್ವಿಚ್ಚೇ ಚಟ್ ಅಂತ ಸೀಳಿತು.

“ಅಯ್ಯೋ, ನಿನ್ ರಿಮೋಟು ಬಲು ಮೆತ್ತಗೈತೆ ಕಣವ್ವ” ಅಂದಳು ಬೀರಮ್ಮ, ಏನೂ ಆಗದವಳ ಹಾಗೆ.

ಅವಳು ಹೋದ ಮೇಲೆ ಅಕ್ಸಾ ಗೊಣಗಿದಳು. “ಇದು ಅಜ್ಜಿಯರಿಗೆ ಮಾಡಿದ್ದಲ್ಲ ಅಮ್ಮಿ. ಆ ಕೈಗೆ ಯಾರು ತಾನೇ ಮಾಡಕ್ಕಾಗುತ್ತೆ?”

ನನಗೆ ಎಲ್ಲಿತ್ತೋ ಕೋಪ. “ಯಾರ ಕೈ ಅಳತೆ ತಗೊಂಡು ಮಾಡಿದೆ ನೀನು? ನಿನ್ನದು ತಾನೇ? ನಾನು ನನ್ನ ಅಳತೆಗೇ ಊರವರ ರವಿಕೆಯೆಲ್ಲ ಹೊಲಿದು, ಆಗದೆ ಇದ್ರೆ ನಿಮ್ಮ ತೋಳೇ ಸರಿ ಇಲ್ಲ ಅಂದಿದ್ರೆ, ನಿನ್ನ ಕಾಲೇಜ್ ಫೀಸು ಎಲ್ಲಿಂದ ಬರ್ತಿತ್ತು? ಬೀರಮ್ಮನ ಕೈಗೆ ಆಗೋ ಹಾಗೆ ಮಾಡು, ಆಗ ಮಾಡಿದೆ ಅಂತ ಒಪ್ತೀನಿ.”

“ಇದು ಬ್ಲೌಸಲ್ಲ ಅಮ್ಮಿ. ಇದು ಡಿಸೈನ್.”

ಇಷ್ಟು ವರ್ಷ ಪೆಡಲು ತುಳಿದು ತುಳಿದು ಮಂಡಿ ಸವೆಸಿಕೊಂಡವಳಿಗೆ ಆ ಮಾತು ಎಷ್ಟು ನೋಯಿಸಿತು ಅಂತ ಹೇಳಲಾರೆ. ಎರಡು ದಿನ ಮಾತಾಡಲಿಲ್ಲ. ನಾನು ಬೈದರೆ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬೈಯದೆ ಇದ್ದರೆ ಗಾಬರಿಯಾಗುತ್ತಾರೆ. ಅಫ್ಸರ್ ಪಾಷಾ ಕೇಳದೆಯೇ ಟೀ ಮಾಡಿ ತಂದು ಮಿಷನ್ನಿನ ಪಕ್ಕ ಇಟ್ಟು ಹೋದರು.

ಮೂರನೇ ದಿನ ಅಕ್ಸಾ ಬೀರಮ್ಮನ ಹಳೇ ರವಿಕೆಯನ್ನು ಒಳಮಗ್ಗುಲು ಹೊರಗೆ ಬರುವ ಹಾಗೆ ತಿರುಗಿಸಿ ಹಿಡಿದುಕೊಂಡು ಬಂದಳು. ಬೀರಮ್ಮ ಅದನ್ನು ಸಡಿಲ ಮಾಡಿಸಲು ಕೊಟ್ಟು ಹೋಗಿದ್ದಳು.

“ಅಮ್ಮಿ, ಇಲ್ಲಿ ಹೊಲಿಗೆ ಒಳಗಡೆ ಇಷ್ಟೊಂದು ಬಟ್ಟೆ ಯಾಕೆ ಬಿಟ್ಟಿದ್ದೀಯ?”

ಮಾತಾಡಬಾರದು ಅಂತಲೇ ಇದ್ದೆ. ಆದರೆ ಕೆಲಸದ ವಿಷಯ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ. “ಮೈ ಅನ್ನೋದು ಇದ್ದ ಹಾಗೇ ಇರುತ್ತೇನೇ? ಇವತ್ತು ಸಣ್ಣ, ನಾಳೆ ದಪ್ಪ. ಒಳಗೆ ಬಟ್ಟೆ ಬಿಟ್ಟು ಹೊಲಿದ್ರೆ ಬಿಚ್ಚಿ ಸಡಿಲ ಮಾಡಬಹುದು. ಬಿಡದೆ ಹೊಲಿದ್ರೆ ಬಿಸಾಕ್ಬೇಕು.”

ಅವಳು ಆ ಹೊಲಿಗೆಯನ್ನೇ ನೋಡುತ್ತಾ ನಿಂತಳು. ಆಮೇಲೆ ರವಿಕೆ ಹಿಡಿದುಕೊಂಡೇ ಹೋಗಿ ಅಪ್ಪನ ಬೆಂಚಿನ ಹತ್ತಿರ ಕೂತಳು. ಮಾರನೇ ದಿನ ಕಂಟ್ರೋಲರಿನ ಮುಚ್ಚಳದಲ್ಲಿ ಬಟನ್ ಕೂರುವ ದುಂಡು ತೂತು ಹೋಗಿ ಉದ್ದದ ಸೀಳು ಬಂತು. ಸ್ಕ್ರೂ ಸಡಿಲಿಸಿ ಬಟನ್ನನ್ನು ಬೇಕಾದ ಕಡೆ ಸರಿಸಿ ಮತ್ತೆ ಬಿಗಿ ಮಾಡಬಹುದು. ದೊಡ್ಡ ಕೈಗೆ ದೂರ ದೂರ, ಪುಟ್ಟ ಕೈಗೆ ಹತ್ತಿರ. ಬೀರಮ್ಮನನ್ನು ಕರೆಸಿ, ನಾನು ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿ ಅವಳ ಗೆಣ್ಣನ್ನು ಅದರಲ್ಲಿ ಒತ್ತಿಸಿ ಅಚ್ಚು ತೆಗೆದೆ. ಆ ಅಚ್ಚಿನ ಪ್ರಕಾರ ಅಕ್ಸಾ ಅಗಲವಾದ, ನಡುವೆ ಕುಳಿ ಇರುವ ಬಟನ್ ಟೋಪಿಗಳನ್ನು ಮಾಡಿದಳು. ಸ್ವಿಚ್ಚುಗಳೂ ಸ್ವಲ್ಪ ಗಟ್ಟಿಯವು ಬಂದವು.

“ಒಂದ್ ವಾರ ಮನೇಲಿ ಇಟ್ಕೊಂಡು ಆಡಜ್ಜಿ” ಅಂತ ಕೊಟ್ಟು ಕಳಿಸಿದಳು.

“ಮುರಿದು ಗಿರಿದೀಯ, ಹುಷಾರು! ಅಕ್ಸಾಳ ಪರೀಕ್ಷೆ ಇದರ ಮೇಲೇ ನಿಂತಿರೋದು” ಅಂತ ಎಚ್ಚರಿಸಿದೆ. ಸ್ವಲ್ಪ ಜೋರಾಗಿಯೇ ಎಚ್ಚರಿಸಿದೆ.

ಒಂದು ವಾರದ ಮೇಲೆ ಬೀರಮ್ಮ ಅದನ್ನು ಹಾಗೇ ತಂದುಕೊಟ್ಟಳು. ಒಂದು ಗೀರೂ ಇಲ್ಲ. ಮೊಮ್ಮಗಳ ಫೋನಿಗೆ ಸಿಕ್ಕಿಸಿ ದಿನಾ ಆಡಿದಳಂತೆ, ಈಗ ಗೋಡೆಗೆ ಗುದ್ದುವುದಿಲ್ಲವಂತೆ.

ಆಮೇಲೆ ತಿಳಿದದ್ದು ಪರೀಕ್ಷೆಯ ನಿಯಮ. ಮಾಡಿದವರು ಬಿಟ್ಟು ಬೇರೆ ಒಬ್ಬರು, ಬೇರೆ ಊರಿಂದ ಬರುವ ಪರೀಕ್ಷಕರ ಮುಂದೆ ಹತ್ತು ನಿಮಿಷ ಬಳಸಿ ತೋರಿಸಬೇಕು. ನಡುವೆ ಏನೇ ಆದರೂ ಮಾಡಿದವರು ಕೈ ಹಾಕುವಂತಿಲ್ಲ. ನಿಂತದ್ದು ಮತ್ತೆ ಓಡದೆ ಹೋದರೆ ಫೇಲು, ಇನ್ನಾರು ತಿಂಗಳು ಕಾದು ಬೇರೆ ಪ್ರಾಜೆಕ್ಟು. ಬಳಸುವವರ ಹೆಸರಿನ ಜಾಗದಲ್ಲಿ ಅಕ್ಸಾ ಬರೆದಿದ್ದಳು: ಬೀರಮ್ಮ, ವೈದ್ಯನಾಥಪುರ.

“ತಲೆ ಕೆಟ್ಟಿದ್ಯೇನೇ ನಿನಗೆ? ನಿನ್ನ ಫ್ರೆಂಡ್ಸ್ ಯಾರೂ ಇಲ್ವಾ?”

“ಬೀರಮ್ಮನ ಕೈಗೆ ಆದ್ರೆ ಒಪ್ತೀನಿ ಅಂದವಳು ನೀನೇ ಅಲ್ವಾ?”

ಹೌದು, ನಾನೇ. ಕೋಪದಲ್ಲಿ ಆಡಿದ ಮಾತನ್ನು ಹುಡುಗಿ ತನ್ನ ಡಿಪ್ಲೊಮಾಕ್ಕೇ ಕಟ್ಟಿಕೊಂಡಿದ್ದಳು. ಇವಳು ಫೇಲಾದರೆ ಅದು ನನ್ನ ಬಾಯಿಂದ. ಆ ವಾರ ಪೂರ್ತಿ ನನಗೆ ಊಟ ಸೇರಲಿಲ್ಲ. ಅದರ ಜೊತೆಗೆ ನನ್ನ ಅಳತೆ ಟೇಪು ಬೇರೆ ಕಳೆದುಹೋಯಿತು. ಹದಿನೈದು ವರ್ಷದ ಟೇಪು, ಹನ್ನೊಂದನೇ ಅಂಕಿಯ ಹತ್ತಿರ ಇಸ್ತ್ರಿ ತಾಗಿ ಸುಟ್ಟ ಗುರುತು. ಹುಡುಕಿ ಸಾಕಾಗಿ ಅಫ್ಸರ್ ಪಾಷಾಗೆ ಬೈದೆ. ಟೀ ಮತ್ತೆ ಬಂತು.

ಪರೀಕ್ಷೆಯ ದಿನ ಬೀರಮ್ಮ ಹಾಲು ಹಾಕಿ, ತಲೆಗೆ ಎಣ್ಣೆ ಹಚ್ಚಿ, ನಾನು ಹೊಲಿದ ಹೊಸ ಹಸಿರು ರವಿಕೆ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮೂವರಿಗಿಂತ ಮೊದಲೇ ನಿಂತಿದ್ದಳು. ಮಂಡ್ಯದವರೆಗೂ ಹಸುವಿನ ಕಥೆ ಹೇಳಿದಳು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಕಾಲೇಜಿನ ಹಾಲ್‌ನಲ್ಲಿ ಹುಡುಗರು ಬೀರಮ್ಮನನ್ನು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಪರೀಕ್ಷಕರು ಕನ್ನಡಕ ಹಾಕಿದ, ನಗು ಅಂದರೆ ಏನು ಅಂತಲೇ ಗೊತ್ತಿಲ್ಲದ ಮುಖದ ಮನುಷ್ಯ. ಗಡಿಯಾರ ನೋಡಿ “ಸ್ಟಾರ್ಟ್” ಅಂದರು.

ಬೀರಮ್ಮ ಕಾಲು ಮಡಚಿ ಕುರ್ಚಿಯ ಮೇಲೆ ಕೂತಳು. ಟಕ್, ಟಕ್, ಟಕ್. ಅಬ್ಬಬ್ಬಾ, ಆ ಬೈಕು ಓಡಿದ್ದೇ ಓಡಿದ್ದು! ತಿರುವು ಬಂದರೆ ತಾನೂ ವಾಲುತ್ತಾಳೆ, ಅಡ್ಡ ಬಂದವರಿಗೆ “ಅತ್ಲಾಗ್ ಓಗ್ಲಾ” ಅಂತ ಬೈಯುತ್ತಾಳೆ. ತಿವಿದುಕೊಳ್ಳುತ್ತಿದ್ದ ಹುಡುಗರು ಹತ್ತಿರ ಬಂದು ನಿಂತರು. ಒಬ್ಬ ಶಿಳ್ಳೆ ಹೊಡೆದೇಬಿಟ್ಟ.

ಆರನೇ ನಿಮಿಷ. ಚಟ್.

ಆ ಸದ್ದು ನನಗೆ ಗೊತ್ತಿತ್ತು. ಬೈಕು ನಿಧಾನವಾಗಿ ಹೋಗಿ ರಸ್ತೆ ಪಕ್ಕದಲ್ಲಿ ನಿಂತಿತು. ಅಕ್ಸಾ ತಟ್ಟನೆ ಎದ್ದಳು. ಪರೀಕ್ಷಕರು ಕೈ ಅಡ್ಡ ಹಿಡಿದರು. “ನೀವು ಮುಟ್ಟಬಾರದು. ಅವರೇ ಏನಾದರೂ ಮಾಡಬೇಕು. ಟೈಮ್ ಓಡ್ತಾ ಇದೆ.”

ಗೆಣ್ಣಿಗೆ ಅಳತೆ ತೆಗೆದೆವು, ಟೋಪಿ ಮಾಡಿದೆವು, ಹೇಗೆ ಹಿಡಿಯಬೇಕು ಅಂತ ಹೇಳಿಕೊಟ್ಟೆವು. ಕೆಟ್ಟರೆ ಬಿಚ್ಚುವುದು ಹೇಗೆ ಅಂತ ಬೀರಮ್ಮನಿಗೆ ನಾನೂ ಹೇಳಿರಲಿಲ್ಲ, ಅಕ್ಸಾಳೂ ಹೇಳಿರಲಿಲ್ಲ. ಅಕ್ಸಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಬೀರಮ್ಮ ಮಾತ್ರ ಗಾಬರಿಯಾಗಲಿಲ್ಲ. ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದಳು. ಅದರಿಂದ ಒಂದು ರೂಪಾಯಿ ನಾಣ್ಯ. ಒಂದು, ಎರಡು, ಮೂರು, ನಾಲ್ಕು, ಸ್ಕ್ರೂ ಬಿಚ್ಚಿ ಸೆರಗಿನಲ್ಲಿ ಹಾಕಿಕೊಂಡಳು. ಮುಚ್ಚಳ ತೆಗೆದು ಸೀಳಿದ ಸ್ವಿಚ್ಚನ್ನು ಉಗುರಿನಲ್ಲಿ ಕಿತ್ತಳು. ಮತ್ತೆ ಚೀಲಕ್ಕೆ ಕೈ ಹಾಕಿ, ಸುಣ್ಣದ ಡಬ್ಬಿಯ ಪಕ್ಕದಿಂದ ಹೊಸ ಸ್ವಿಚ್ಚು ತೆಗೆದು, ಸೀರೆಗೆ ಒರೆಸಿ, ಚುಚ್ಚಿದಳು. ಮುಚ್ಚಳ ಹಾಕಿ ಬಿಗಿ ಮಾಡಿದಳು. ಟಕ್. ಬೈಕು ಹೊರಟಿತು. ಪೂರಾ ಎರಡು ನಿಮಿಷ ಹಿಡಿಯಲಿಲ್ಲ.

ಶಿಳ್ಳೆ ಹೊಡೆದವನು ಈ ಸಲ ಚಪ್ಪಾಳೆ ತಟ್ಟಿದ.

ಹತ್ತು ನಿಮಿಷ ಮುಗಿದ ಮೇಲೆ ಪರೀಕ್ಷಕರು ಕನ್ನಡಕ ತೆಗೆದರು. “ಅಮ್ಮ, ಇದನ್ನ ಬಿಚ್ಚೋದು ನಿಮಗೆ ಯಾರು ಕಲಿಸಿದ್ರು?”

“ಅದ್ಕೂ ಒಬ್ರು ಕಲಿಸ್ಬೇಕಾ ಸಾಮಿ? ಕಾಸಿಟ್ಟು ತಿರುಗ್ಸದು, ಕೆಟ್ಟಿದ್ನ ಕೀಳದು, ನೆಟ್ಟಗಿರದ್ನ ಆಕದು.” ಆಮೇಲೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ದನಿ ಸಣ್ಣ ಮಾಡಿದಳು. “ನಿಜ ಯೋಳ್ಬುಡ್ತೀನಿ. ಮನೇಲಿ ಇಟ್ಕಂಡಿದ್ದಾಗ ಮೂರ್ ಕಿತ ಮುರಿದಾಕ್ದೆ. ಸಮೀಮಮ್ಮ ಸುಮ್ಕೆ ಬುಟ್ಟಾಳಾ? ಸಿಗಿದಾಕ್ಬುಡ್ತಾಳೆ ಅಂತ ಎದ್ರಿ ಯೋಳ್ನಿಲ್ಲ. ಪಾಸಣ್ಣನ್ನ ಕೇಳಿ ಗುಟ್ಟಾಗಿ ಸ್ವಿಚ್ಚು ಈಸ್ಕಂಡು ನಾನೇ ಆಕ್ಕಂಡೆ.”

ಅಫ್ಸರ್ ಪಾಷಾ! ನಾನು ತಿರುಗಿ ನೋಡಿದರೆ ಆ ಮನುಷ್ಯ ಹಾಲ್‌ನ ಛಾವಣಿಯ ಫ್ಯಾನು ಎಣಿಸುತ್ತಾ ನಿಂತಿದ್ದರು. ಇಡೀ ಹಾಲ್ ಗೊಳ್ಳೆಂದಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಜೀವಮಾನದಲ್ಲಿ ಮೊದಲ ಸಲ ನನ್ನ ಕೋಪ ಒಂದು ಒಳ್ಳೇ ಕೆಲಸಕ್ಕೆ ಬಂದಿತ್ತು.

ಪರೀಕ್ಷಕರು ಕಾಗದದ ಮೇಲೆ ಅಂಕ ಬರೆದರು. ಬರೆದದ್ದನ್ನು ಹೊಡೆದುಹಾಕಿ ಅದಕ್ಕಿಂತ ಹೆಚ್ಚಿನದು ಬರೆದರು, ಅದು ನನಗೆ ನಿಂತ ಜಾಗದಿಂದಲೇ ಕಂಡಿತು. ಆಮೇಲೆ ಕಂಟ್ರೋಲರನ್ನು ತಾವೇ ಎತ್ತಿಕೊಂಡು ಒಂದೆರಡು ಸಲ ಒತ್ತಿ ನೋಡಿದರು.

“ನನ್ನ ಕೈಗೆ ಬಟನ್ ಸ್ವಲ್ಪ ದೂರ ಆಯ್ತಲ್ಲಮ್ಮ?”

“ಒಂದ್ನಿಮಿಷ ಸಾರ್, ಕೈ ಕೊಡಿ” ಅಂದಳು ಅಕ್ಸಾ. ಬ್ಯಾಗಿಗೆ ಕೈ ಹಾಕಿ ಒಂದು ಟೇಪು ತೆಗೆದಳು. ಅದನ್ನು ಕೊರಳಿಗೆ ಹಾಕಿಕೊಂಡು, ತುದಿಯನ್ನು ಅವರ ಹೆಬ್ಬೆಟ್ಟಿನ ಬುಡಕ್ಕೆ ಹಿಡಿದು ಅಳೆಯತೊಡಗಿದಳು. ಸಡಿಲವಾಗಿಯೂ ಅಲ್ಲ, ಬಿಗಿಯಾಗಿಯೂ ಅಲ್ಲ, ಕೆಳಗೆ ಒಂದು ಬೆರಳು ಆಡುವಷ್ಟು ಜಾಗ ಬಿಟ್ಟು, ಥೇಟ್ ನಾನು ಹಿಡಿಯುವ ಹಾಗೆ. ಅದರ ಹನ್ನೊಂದನೇ ಅಂಕಿಯ ಹತ್ತಿರ ಇಸ್ತ್ರಿ ತಾಗಿ ಸುಟ್ಟ ಗುರುತಿತ್ತು.

ಇನ್ನೊಂದು ದಿನವಾಗಿದ್ದರೆ ನನ್ನ ಟೇಪು ಕದ್ದದ್ದಕ್ಕೆ ಅಲ್ಲೇ ಕಿವಿ ಹಿಂಡುತ್ತಿದ್ದೆ. ಅವತ್ತು ಬೀರಮ್ಮನ ಕೈ ಹಿಡಿದುಕೊಂಡು ಸುಮ್ಮನೆ ನೋಡುತ್ತಾ ನಿಂತೆ.